ತಪ್ಪು ಉತ್ತರ ಹೇಳಿದ ಮಗು

ಈ ಅಂಕಣದ ಓದುಗರಲ್ಲೊಬ್ಬರು, ಒಬ್ಬ ತಾಯಿ, ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಮಗಳು ಏಳನೇ ತರಗತಿ. ಕಳೆದ ವರ್ಷದವರೆಗೂ ಆಕೆಗೆ ವಿಜ್ಞಾನ ಎಂದರೆ ಪ್ರಾಣ. ಅಡುಗೆಮನೆಗೆ ಬಂದು 'ಹಾಲು ಉಕ್ಕುತ್ತೆ, ನೀರು ಯಾಕಮ್ಮ ಉಕ್ಕಲ್ಲ?' ಎಂದು ತಾಯಿಯನ್ನು ಪೀಡಿಸುತ್ತಿದ್ದ ಹುಡುಗಿ. (ಒಳ್ಳೆಯ ಪ್ರಶ್ನೆ. ಕೆನೆಯ ಕಥೆ ಇನ್ನೊಂದು ವಾರ ಹೇಳೋಣ.) ಈ ವರ್ಷ ಜೂನ್ ತಿಂಗಳಲ್ಲಿ ತರಗತಿಯಲ್ಲಿ ಯಾವುದೋ ಪ್ರಶ್ನೆಗೆ ಎದ್ದು ನಿಂತು ತಪ್ಪು ಉತ್ತರ ಹೇಳಿದಳಂತೆ. ಮೇಷ್ಟ್ರು 'ಕೂತ್ಕೊಳಮ್ಮಾ, ಇದು ನಿನ್ನ ಕೈಲಾಗೋ ಕೆಲಸ ಅಲ್ಲ' ಎಂದರಂತೆ. ತರಗತಿಗೆ ತರಗತಿಯೇ ಗೊಳ್ಳೆಂದು ನಕ್ಕಿತಂತೆ. ಅಷ್ಟೇ. ಹೊಡೆದಿಲ್ಲ, ಬೈದಿಲ್ಲ, ಹೊರಗೆ ನಿಲ್ಲಿಸಿಲ್ಲ. ಅಂದಿನಿಂದ ಆಕೆ ಕೈ ಎತ್ತಿಲ್ಲ. ಈಗ ವಿಜ್ಞಾನದ ಪಿರಿಯಡ್ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು. 'ಶಾಲೆ ಬದಲಾಯಿಸಲೇ ಸಾರ್?' ಎಂದು ಆ ತಾಯಿ ಕೇಳಿದ್ದಾರೆ.

ಅವರಿಗೆ ನನ್ನ ಉತ್ತರ ಮುಂದೆ ಬರುತ್ತದೆ. ಮೊದಲು ಗುರು-ಶಿಷ್ಯರ ಸಂಬಂಧದ ಬಗ್ಗೆ ಎರಡು ಮಾತು.

ಈ ಸಂಬಂಧದ ಮಾತು ಬಂದರೆ ನಮಗೆ ತಟ್ಟನೆ ನೆನಪಾಗುವುದು ಸೆಪ್ಟೆಂಬರ್ 5. ಮೈಸೂರಿನವರಿಗಂತೂ ಡಾ. ಎಸ್. ರಾಧಾಕೃಷ್ಣನ್ ಅವರ ಸಾರೋಟಿನ ಕಥೆ ಬಾಯಿಪಾಠ. 1918ರಿಂದ ಮೈಸೂರಿನಲ್ಲಿ ತತ್ವಶಾಸ್ತ್ರ ಪಾಠ ಹೇಳಿ, 1921ರಲ್ಲಿ ಅವರು ಕಲ್ಕತ್ತಾಕ್ಕೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿಗೆ ಹೂವಿನ ಅಲಂಕಾರ ಮಾಡಿ, ಕುದುರೆ ಬಿಚ್ಚಿ, ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. 1962ರಿಂದ ಅವರ ಹುಟ್ಟುಹಬ್ಬ ಶಿಕ್ಷಕರ ದಿನವಾಯಿತು. ಪ್ರತಿ ವರ್ಷ ಭಾಷಣಗಳಲ್ಲಿ ಈ ಸಾರೋಟು ಬಂದೇ ಬರುತ್ತದೆ. ನನಗೂ ಈ ಕಥೆ ಇಷ್ಟವೇ. ಆದರೆ ಸಾರೋಟು ಎಳೆದದ್ದು ಮೂರು ವರ್ಷದ ಪಾಠದ ಕೊನೆಯ ದಿನ. ಆ ಮೂರು ವರ್ಷಗಳ ಸಾಮಾನ್ಯ ದಿನಗಳಲ್ಲಿ, ಒಂದು ಮಂಗಳವಾರವೋ ಬುಧವಾರವೋ, ಆ ತರಗತಿಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಯಾವ ಭಾಷಣಕಾರರೂ ಹೇಳುವುದಿಲ್ಲ. ನನ್ನ ಕುತೂಹಲವೆಲ್ಲ ಆ ಮಂಗಳವಾರದ ಮೇಲೆ.

ಮೂವತ್ತು ವರ್ಷಗಳ ಹತ್ತಿರ ಹತ್ತಿರ ಪಾಠ ಮಾಡಿದವನಾಗಿ ನನಗೆ ಅನ್ನಿಸಿರುವುದು ಇಷ್ಟು. ಮಗು ತಪ್ಪು ಉತ್ತರ ಹೇಳಿದ ಕ್ಷಣಕ್ಕೂ ಮೇಷ್ಟ್ರು ಬಾಯಿ ತೆರೆಯುವ ಕ್ಷಣಕ್ಕೂ ನಡುವೆ ಒಂದೆರಡು ಸೆಕೆಂಡು ಇರುತ್ತದಲ್ಲ, ಸಂಬಂಧ ಕೂಡುವುದೂ ಅಲ್ಲೇ, ಕೆಡುವುದೂ ಅಲ್ಲೇ.

ಒಂದು ಉದಾಹರಣೆ ಕೊಡುತ್ತೇನೆ. ಎಂಟನೇ ತರಗತಿ. ಬಸ್‌ಸ್ಟ್ಯಾಂಡ್ ಪಕ್ಕದ ಜ್ಯೂಸ್ ಅಂಗಡಿಯಿಂದ ಐಸ್ ತರಿಸಿ, ಸ್ಟೀಲ್ ಲೋಟದಲ್ಲಿ ನೀರಿನ ಜೊತೆ ಹಾಕಿ ಮೇಜಿನ ಮೇಲೆ ಇಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಲೋಟದ ಹೊರಮೈ ಬೆವರಿತು. 'ಈ ನೀರು ಎಲ್ಲಿಂದ ಬಂತು?' ಎಂದು ಕೇಳಿದೆ. ಮೂರನೇ ಬೆಂಚಿನ ಹುಡುಗನೊಬ್ಬ ಎದ್ದು 'ಒಳಗಿನ ನೀರೇ ಜಿನುಗಿ ಹೊರಗೆ ಬಂದಿದೆ ಸಾರ್' ಎಂದ. ಮುಂದಿನ ಬೆಂಚಿನವರು ಕಿಸಕ್ಕೆಂದರು. ಅವರು ಪುಸ್ತಕ ಮೊದಲೇ ಓದಿಕೊಂಡು ಬಂದವರು. 'ಗಾಳಿಯಲ್ಲಿನ ನೀರಾವಿ ಸಾಂದ್ರೀಕರಣಗೊಂಡು' ಎಂಬ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು.

ಈಗ ಯೋಚಿಸಿ. ಈ ಹುಡುಗ ದಡ್ಡನೇ? ಅವನ ಮನೆಯಲ್ಲಿ ಮಣ್ಣಿನ ಹೂಜಿ ಇದೆ. ಅದರ ಹೊರಮೈ ಸದಾ ಒದ್ದೆ. ಅಲ್ಲಿ ಒಳಗಿನ ನೀರು ನಿಜವಾಗಿಯೂ ಜಿನುಗಿಯೇ ಹೊರಗೆ ಬರುತ್ತದೆ. ಹಾಗೆ ಬಂದು ಆವಿಯಾಗುವುದರಿಂದಲೇ ಹೂಜಿಯ ನೀರು ತಣ್ಣಗಿರುತ್ತದೆ. ಅವನು ಹೂಜಿಯನ್ನು ನೋಡಿ ಲೋಟದ ಬಗ್ಗೆ ಹೇಳಿದ. ಕಂಡದ್ದರಿಂದ ಕಾಣದ್ದನ್ನು ಊಹಿಸಿದ. ವಿಜ್ಞಾನಿಗಳು ಮಾಡುವುದು ಇದನ್ನೇ. ಮುಂದಿನ ಬೆಂಚಿನವರು ಹೇಳಲು ಹೊರಟಿದ್ದು ಸರಿಯಾದ ಉತ್ತರ, ಆದರೆ ಅದು ಪುಸ್ತಕದ ಉತ್ತರ. ಇವನದು ತಪ್ಪು ಉತ್ತರ, ಆದರೆ ಸ್ವಂತದ್ದು.

'ಸರಿ, ಜಿನುಗಿದೆಯೋ ಇಲ್ಲವೋ ನೋಡೋದು ಹೇಗೆ?' ಎಂದು ಅವನನ್ನೇ ಕೇಳಿದೆ. ಅವನು ಯೋಚಿಸಿ 'ನೀರಿಗೆ ಇಂಕ್ ಹಾಕೋಣ ಸಾರ್' ಎಂದ. ಹಾಕಿದೆವು. ಹೊರಗಿನ ಹನಿಗಳಿಗೆ ಬಣ್ಣ ಬರಲಿಲ್ಲ. ಅಲ್ಲಿಗೆ ಮುಗಿಯಿತೇ? ಇಲ್ಲ. ಕೊನೆಯ ಬೆಂಚಿನಿಂದ ಇನ್ನೊಬ್ಬ 'ಬಟ್ಟೇಲಿ ಸೋಸಿದಾಗ ಚರಟ ಮೇಲೇ ಉಳಿಯುತ್ತಲ್ಲ ಸಾರ್, ಹಾಗೆ ಇಂಕ್ ಒಳಗೇ ಉಳಿದು ಬರೀ ನೀರು ಬಂದಿರಬಹುದು' ಎಂದ. ನಾನು ಬೆರಗಾದೆ. ಈ ಆಕ್ಷೇಪಣೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆಗ ಅಲ್ಲಿಯವರೆಗೂ ಬಾಯಿ ಬಿಡದಿದ್ದ ಹುಡುಗಿಯೊಬ್ಬಳು 'ಲೋಟದಲ್ಲಿ ನೀರೇ ಇಲ್ಲದಿದ್ರೆ?' ಎಂದಳು. ಮಾರನೆಯ ದಿನ ಅದೇ ಜ್ಯೂಸ್ ಅಂಗಡಿಯ ಫ್ರಿಜ್ಜಿನಲ್ಲಿ ಖಾಲಿ ಲೋಟ ಇರಿಸಿ, ಬಟ್ಟೆ ಸುತ್ತಿ ಓಡಿಸಿಕೊಂಡು ತಂದೆವು. ಖಾಲಿ ಲೋಟವೂ ಬೆವರಿತು. ಮೂರನೇ ಬೆಂಚಿನ ಹುಡುಗ ಬೆರಳಿಂದ ಒರೆಸಿ ನೋಡಿ, ಮತ್ತೆ ಒರೆಸಿ ನೋಡಿ, 'ಗಾಳೀಲಿ ನೀರಿದೆ ಸಾರ್' ಎಂದ. ಪುಸ್ತಕದ ವಾಕ್ಯವನ್ನು ಆಮೇಲೆ ಬೋರ್ಡಿನ ಮೇಲೆ ಬರೆದೆ.

ಇದಕ್ಕೆ ಎರಡು ಪಿರಿಯಡ್ ಹಿಡಿಯಿತು. 'ಸಿಲಬಸ್ ಮುಗಿಸೋದು ಯಾವಾಗ?' ಎಂದು ಸ್ಟಾಫ್‌ರೂಮಿನಲ್ಲಿ ಕೇಳುವವರು ಇದ್ದೇ ಇದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅರವತ್ತು ಮಕ್ಕಳ ತರಗತಿ, 40 ನಿಮಿಷದ ಪಿರಿಯಡ್. ಭಾಗಿಸಿದರೆ ಒಂದು ಮಗುವಿಗೆ 40 ಸೆಕೆಂಡು. ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೊಬ್ಬ ಶಿಕ್ಷಕರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳುವುದಕ್ಕೂ ಬೆಂಚಿನ ಮೇಲೆ ಇಕ್ಕಟ್ಟಿನಲ್ಲಿ ಕುಳಿತಿರುವ ತಲೆಗಳಿಗೂ ಎಷ್ಟೋ ಕಡೆ ತಾಳೆಯಾಗುವುದಿಲ್ಲ. ಎಲ್ಲ ಪಾಠವನ್ನೂ ಹೀಗೆ ಮಾಡಿ ಎಂದು ನಾನು ಹೇಳುತ್ತಿಲ್ಲ.

ಆದರೆ ಎಲ್ಲರಿಗೂ ಸಾಧ್ಯವಿರುವ ಇನ್ನೊಂದು ಸಂಗತಿ ಇದೆ. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣತಜ್ಞೆ ತರಗತಿಗಳ ಮಾತುಕತೆಯನ್ನು ಟೇಪ್ ಮಾಡಿಕೊಂಡು, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆಂದು ಅಳೆದರು. 1970ರ ದಶಕದಲ್ಲಿ ಪ್ರಕಟವಾದ ಆ ಫಲಿತಾಂಶ ಇಂದಿಗೂ ನಮ್ಮಂಥವರ ಕಿವಿ ಹಿಂಡುವಂತಿದೆ. ಸರಾಸರಿ ಒಂದು ಸೆಕೆಂಡು! ಅಷ್ಟರಲ್ಲಿ ಉತ್ತರ ಬಾರದಿದ್ದರೆ ಮೇಷ್ಟ್ರು ತಾವೇ ಉತ್ತರ ಹೇಳುತ್ತಾರೆ, ಇಲ್ಲವೇ ಇನ್ನೊಬ್ಬರತ್ತ ತಿರುಗುತ್ತಾರೆ. ಜಾಣರೆಂದು ತಾವು ನಂಬಿದವರಿಗೆ ಸ್ವಲ್ಪ ಹೆಚ್ಚು ಹೊತ್ತು ಕಾಯುತ್ತಾರೆ, ದಡ್ಡರೆಂದು ನಂಬಿದವರಿಗೆ ಕಡಿಮೆ. ಯಾರಿಗೆ ಹೆಚ್ಚು ಹೊತ್ತು ಬೇಕೋ ಅವರಿಗೇ ಕಡಿಮೆ! ಕಾಯುವ ಹೊತ್ತನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರು ಮಾತಾಡಿದರು, ಮಕ್ಕಳು ತಾವೇ ಪ್ರಶ್ನೆ ಕೇಳುವುದೂ ಹೆಚ್ಚಿತು. ಲೆಕ್ಕ ಹಾಕಿ: ಪಿರಿಯಡ್ಡಿಗೆ ಹತ್ತು ಪ್ರಶ್ನೆ, ಒಂದೊಂದಕ್ಕೆ ಎರಡು ಸೆಕೆಂಡು ಹೆಚ್ಚುವರಿ, ಒಟ್ಟು ಇಪ್ಪತ್ತು ಸೆಕೆಂಡು. ಹಾಜರಿ ಕೂಗುವಾಗ ಇದಕ್ಕಿಂತ ಹೆಚ್ಚು ಹೊತ್ತು ವ್ಯರ್ಥವಾಗುತ್ತದೆ.

ಮಕ್ಕಳೇ, ನಿಮಗೂ ಒಂದು ಮಾತು. ಆ ಏಳನೇ ತರಗತಿಯ ಹುಡುಗಿಗೆ ಹೆಚ್ಚು ನೋವಾದದ್ದು ಮೇಷ್ಟ್ರ ಮಾತಿನಿಂದಲೋ ನಿಮ್ಮ ನಗೆಯಿಂದಲೋ? ನನಗೆ ಎರಡನೆಯದರ ಮೇಲೇ ಅನುಮಾನ. ಮೇಷ್ಟ್ರು ಒಬ್ಬರು, ನೀವು ಐವತ್ತು ಜನ. ನಮ್ಮ ತರಗತಿಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಯಾರಾದರೂ ತಪ್ಪು ಉತ್ತರಕ್ಕೆ ನಕ್ಕರೆ, ನಕ್ಕವರು ಎದ್ದು ನಿಂತು ಆ ಉತ್ತರದಲ್ಲಿ ಸರಿಯಾಗಿರುವುದು ಏನು ಎಂದು ಹೇಳಬೇಕು. ಕಷ್ಟದ ಕೆಲಸ ಅದು. ಹದಿನೈದು ದಿನದಲ್ಲಿ ನಗೆ ನಿಂತಿತು.

ತಪ್ಪು ಉತ್ತರ ಹೇಳಿದವರ ಸಾಲಿನಲ್ಲಿ ನೀವು ಒಬ್ಬರೇ ಇಲ್ಲ. 17ನೇ ಶತಮಾನದಲ್ಲಿ ವ್ಯಾನ್ ಹೆಲ್ಮಾಂಟ್ ಎಂಬಾತ ಕುಂಡದಲ್ಲಿ ಸುಮಾರು 90 ಕಿಲೊ ಒಣಮಣ್ಣು ತೂಗಿ ಹಾಕಿ, ಎರಡೂಕಾಲು ಕಿಲೊ ತೂಕದ ವಿಲ್ಲೊ ಸಸಿ ನೆಟ್ಟ. ಐದು ವರ್ಷ ನೀರು ಬಿಟ್ಟರೆ ಬೇರೇನೂ ಹಾಕಲಿಲ್ಲ. ಮರ ಸುಮಾರು 77 ಕಿಲೊ ಆಯಿತು. ಮಣ್ಣು ಕಡಿಮೆಯಾದದ್ದು 60 ಗ್ರಾಮಿನಷ್ಟು. ಹಾಗಾದರೆ ಮರವೆಲ್ಲ ನೀರಿನಿಂದಲೇ ಆದದ್ದು ಎಂದು ತೀರ್ಮಾನಿಸಿದ. ತಪ್ಪು! ಗಾಳಿಯಿಂದ ಬಂದ ಇಂಗಾಲದ ಡೈಆಕ್ಸೈಡ್ ಅವನ ಲೆಕ್ಕದಲ್ಲಿ ಇರಲಿಲ್ಲ. ವಿಚಿತ್ರವೆಂದರೆ, ಅಂಥ ಅನಿಲಗಳನ್ನು ಗುರುತಿಸಿ 'ಗ್ಯಾಸ್' ಎಂಬ ಪದವನ್ನೇ ಕೊಟ್ಟವನು ಅವನು. ಆದರೂ ಇಂದಿಗೂ ಅವನ ಪ್ರಯೋಗವನ್ನು ಪಾಠ ಮಾಡುತ್ತೇವೆ. ಮರ ಮಣ್ಣು ತಿಂದು ಬೆಳೆಯುವುದಿಲ್ಲ ಎಂದು ತಕ್ಕಡಿ ಇಟ್ಟು ತೋರಿಸಿಕೊಟ್ಟನಲ್ಲ!

ಎದ್ದು ನಿಂತು ಕೇಳಲು ನಾಚಿಕೆಯಾಗುವ ಮಕ್ಕಳು ಎಲ್ಲ ತರಗತಿಯಲ್ಲೂ ಇರುತ್ತಾರೆ. ಅವರಿಗಾಗಿ ಕಿಟಕಿಯ ಮೇಲೆ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ ಇಟ್ಟಿದ್ದೇನೆ. ಹೆಸರು ಬರೆಯದೆ ಚೀಟಿ ಹಾಕಬಹುದು. 'ಕಂಬಳಿಗೆ ಬಿಸಿ ಎಲ್ಲಿಂದ ಬರುತ್ತೆ?' 'ಓಡುವ ಬಸ್ಸಿನಲ್ಲಿ ಹಾರುವ ನೊಣ ಹಿಂದಿನ ಗಾಜಿಗೆ ಯಾಕೆ ಬಡಿಯಲ್ಲ?' ಇಂಥವು ಬರುತ್ತವೆ. ತರಲೆ ಚೀಟಿಗಳೂ ಬರುತ್ತವೆ, ನನ್ನ ಬೋಳು ತಲೆಯ ಬಗ್ಗೆ. ಇರಲಿ. ಆದರೆ ಒಮ್ಮೆ ಬಂದ ಚೀಟಿಯಲ್ಲಿ ಒಂದೇ ಸಾಲು: 'ಸಾರ್ ಬೋರ್ಡಲ್ಲಿ ಬರೆದಿದ್ದು ಕಾಣಲ್ಲ.'

ಅಕ್ಷರ ನೋಡಿ ಯಾರೆಂದು ಗೊತ್ತಾಯಿತು. ಎತ್ತರದ ಹುಡುಗ, ಎತ್ತರವೆಂದೇ ಸದಾ ಕೊನೆಯ ಬೆಂಚು. ಹಿಂದೆ ಓದಿದ್ದ ಶಾಲೆಯಿಂದಲೇ ಅವನಿಗೆ 'ಕಾಪಿ' ಎಂಬ ಅಡ್ಡಹೆಸರು ಅಂಟಿಕೊಂಡು ಬಂದಿತ್ತು. ಪಕ್ಕದವನ ನೋಟ್‌ಬುಕ್ ನೋಡಿ ಬರೆಯುತ್ತಾನೆಂದು ಅಲ್ಲಿ ಏಟೂ ತಿಂದಿದ್ದನಂತೆ. ಪಕ್ಕದವನ ಪುಸ್ತಕ ನೋಡದೆ ಅವನು ಮತ್ತೇನು ಮಾಡಬೇಕಿತ್ತು? ಬೋರ್ಡು ಅವನಿಗೆ ಕರೀ ಗೋಡೆ. ತಂದೆ ಗಾರೆ ಕೆಲಸದವರು. ಅವರನ್ನು ಕರೆಸಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಸಮೀಪದೃಷ್ಟಿ. ಕನ್ನಡಕ ಬಂತು. (ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳ ಕಣ್ಣು ತಪಾಸಣೆ ಮಾಡಿ, ಬಡ ಮಕ್ಕಳಿಗೆ ಉಚಿತ ಕನ್ನಡಕ ಕೊಡುವ ಏರ್ಪಾಡಿದೆ. ಪಾಲಕರು ಆಸ್ಪತ್ರೆಯಲ್ಲಿ ಕೇಳಬೇಕು.) ಮೊದಲ ದಿನ ಕನ್ನಡಕ ಹಾಕಿಕೊಂಡು ಬಂದವನು ಪಾಠ ಕೇಳಲೇ ಇಲ್ಲ, ಕಿಟಕಿಯಾಚೆ ಹುಣಸೆ ಮರವನ್ನೇ ನೋಡುತ್ತಾ ಕುಳಿತಿದ್ದ. 'ಎಲೆ ಎಲೆ ಬೇರೆ ಬೇರೆ ಕಾಣುತ್ತೆ ಸಾರ್' ಎಂದ. ನಾನು ಅವನನ್ನು ಎಚ್ಚರಿಸಲು ಹೋಗಲಿಲ್ಲ. ಎಷ್ಟು ವರ್ಷದಿಂದ ಅವನಿಗೆ ಬೋರ್ಡು ಕಾಣುತ್ತಿರಲಿಲ್ಲ? 'ಯಾರಿಗೂ ಯಾಕೆ ಹೇಳಲಿಲ್ಲ?' ಎಂದಾಗ ಅವನು ಕೊಟ್ಟ ಉತ್ತರ: 'ಎಲ್ಲರಿಗೂ ಅಷ್ಟೇ ಕಾಣುತ್ತೆ ಅಂದ್ಕೊಂಡಿದ್ದೆ ಸಾರ್. ಕೇಳಿದ್ರೆ ಬೈತಾರೆ ಅಂತ.'

'ಛಡಿ ಚಂ ಚಂ, ವಿದ್ಯೆ ಘಂ ಘಂ' ಎಂಬ ಕಾಲ ಹೋಯಿತು. ಕಾಯ್ದೆಯ 17ನೇ ವಿಧಿ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಬಹಳ ಕಡೆ ಮೂಲೆ ಸೇರಿದೆ. ನಾಲಿಗೆಯನ್ನು ಮೂಲೆಗಿಡುವುದು ಕಷ್ಟ.

ತಪ್ಪು ಉತ್ತರ ಹೀಗೆ ಒಂದು ಪರೀಕ್ಷೆಯಾದರೆ ಶಿಷ್ಯ ಗುರುವನ್ನೇ ಮೀರಿಸುವುದು ಇನ್ನೊಂದು, ಇನ್ನೂ ಕಠಿಣವಾದ ಪರೀಕ್ಷೆ. ಮೈಕೆಲ್ ಫ್ಯಾರಡೆ ಕಮ್ಮಾರನ ಮಗ, ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟಿನಿಂದ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿದ. ಬರೆದುಕೊಂಡದ್ದನ್ನೆಲ್ಲ ತಾನೇ ರಟ್ಟು ಹಾಕಿ ಡೇವಿಗೆ ಕಳಿಸಿಕೊಟ್ಟ. ಡೇವಿ ಆಗ ಹೆಸರಾಂತ ವಿಜ್ಞಾನಿ. ಆ ಪುಸ್ತಕವನ್ನು ಪಕ್ಕಕ್ಕೆಸೆಯಲಿಲ್ಲ. 1813ರ ಮಾರ್ಚಿಯಲ್ಲಿ ಹುಡುಗನನ್ನು ಪ್ರಯೋಗಾಲಯದ ಸಹಾಯಕನಾಗಿ ಸೇರಿಸಿಕೊಂಡ. ಕಥೆ ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಹತ್ತು ವರ್ಷ ಕಳೆಯುವಷ್ಟರಲ್ಲಿ ಶಿಷ್ಯನ ಹೆಸರು ಬೆಳೆಯಿತು. 1824ರಲ್ಲಿ ಫ್ಯಾರಡೆಯನ್ನು ರಾಯಲ್ ಸೊಸೈಟಿಯ ಸದಸ್ಯನಾಗಿ ಆರಿಸುವಾಗ ಅದರ ಅಧ್ಯಕ್ಷನಾಗಿದ್ದ ಡೇವಿಯೇ ಅಡ್ಡ ನಿಂತ. ಆದರೂ ಫ್ಯಾರಡೆ ಆಯ್ಕೆಯಾದ. ಮುಂದೆ ಇದೇ ಫ್ಯಾರಡೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನು 19 ವರ್ಷ ಕೊಟ್ಟ. ಒಂದು ಮೇಣದ ಬತ್ತಿ ಹಚ್ಚಿಟ್ಟು ಇಡೀ ರಸಾಯನಶಾಸ್ತ್ರ ಹೇಳಿದ. ಡೇವಿಯ ಬಗ್ಗೆ ಗೌರವವನ್ನೂ ಬಿಡಲಿಲ್ಲ. ಬಾಗಿಲು ತೆರೆದವನು ಡೇವಿಯೇ ಎಂಬುದು ಅವನಿಗೆ ಗೊತ್ತಿತ್ತು.

ಇಂಥ ಪರೀಕ್ಷೆ ಈಗ ದಿನಾ ಬರುತ್ತದೆ. ಮಕ್ಕಳ ಕೈಯಲ್ಲಿ ಮೊಬೈಲು ಇದೆ. 'ಸಾರ್, ಪ್ಲೂಟೊ ಗ್ರಹ ಅಲ್ಲವಂತೆ' ಎಂದು ಐದನೇ ತರಗತಿಯ ಮಗು ಹೇಳಿದಾಗ 'ನೀನು ನನಗೆ ಪಾಠ ಹೇಳ್ತೀಯಾ?' ಎಂದು ಒಬ್ಬ ಮೇಷ್ಟ್ರು ಗದರಿಸಿದ್ದನ್ನು ಕೇಳಿದ್ದೇನೆ. 2006ರ ಆಗಸ್ಟಿನಲ್ಲೇ ಖಗೋಳ ವಿಜ್ಞಾನಿಗಳ ಅಂತಾರಾಷ್ಟ್ರೀಯ ಒಕ್ಕೂಟ ಪ್ಲೂಟೊವನ್ನು ಕುಬ್ಜಗ್ರಹಗಳ ಪಟ್ಟಿಗೆ ಸೇರಿಸಿತು. ಆ ಮಗು ಹೇಳಿದ್ದು ಸರಿ. 'ಹೌದಾ, ಎಲ್ಲಿ ಓದಿದೆ? ತಗೊಂಡು ಬಾ, ಎಲ್ಲರೂ ನೋಡೋಣ' ಎಂದಿದ್ದರೆ ಮೇಷ್ಟ್ರ ಗೌರವ ಒಂದು ಗುಲಗಂಜಿ ತೂಕವೂ ಇಳಿಯುತ್ತಿರಲಿಲ್ಲ.

ಇನ್ನು ಪತ್ರ ಬರೆದ ತಾಯಿಗೆ ಉತ್ತರ. ಅಮ್ಮಾ, ಶಾಲೆ ಬದಲಾಯಿಸುವ ಮೊದಲು ಆ ಮೇಷ್ಟ್ರನ್ನು ಒಮ್ಮೆ ಕಾಣಿರಿ. ಪಾಲಕರ ಸಭೆಯ ಗದ್ದಲದಲ್ಲಿ ಬೇಡ, ತರಗತಿಯ ವಾಟ್ಸ್ಯಾಪ್ ಗುಂಪಿನಲ್ಲಂತೂ ಖಂಡಿತ ಬೇಡ. ಸಂಜೆ ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ಕೇಳಿಕೊಂಡು ಹೋಗಿ. 'ನೀವು ಹೀಗಂದಿರಂತೆ' ಎಂದು ಶುರು ಮಾಡಬೇಡಿ. ಯಾರೇ ಆದರೂ ಬಾಗಿಲು ಹಾಕಿಕೊಳ್ಳುತ್ತಾರೆ. 'ಹೋದ ವರ್ಷ ಇವಳು ಹಾಲು ಯಾಕೆ ಉಕ್ಕುತ್ತೆ ಅಂತ ಕೇಳ್ತಿದ್ಲು, ಈ ವರ್ಷ ಏನೂ ಕೇಳ್ತಿಲ್ಲ' ಎಂದು ಇದ್ದದ್ದನ್ನು ಹೇಳಿ. ಆ ಮೇಷ್ಟ್ರಿಗೆ ಅಂದು ಆಡಿದ ಮಾತು ನೆನಪೇ ಇರಲಿಕ್ಕಿಲ್ಲ. ದಿನಕ್ಕೆ ಆರು ಪಿರಿಯಡ್ ಮಾತಾಡುವವರಿಗೆ ಯಾವ ಮಾತು ಎಲ್ಲಿ ನಾಟಿತು ಎಂಬುದು ತಿಳಿಯುವುದಿಲ್ಲ. ಯಾರಾದರೂ ಹೇಳಿದರೇ ತಿಳಿಯುವುದು. ಅವರು ಆಕೆಯನ್ನು ಕರೆದು, ಎಲ್ಲರೆದುರು, ಒಂದು ಚಿಕ್ಕ ಪ್ರಯೋಗಕ್ಕೆ ನೆರವಾಗಲು ಕೇಳಿದರೆ ಸಾಕು. ಅದಾದ ಮೇಲೂ ಅದೇ ಅವಹೇಳನ ಮುಂದುವರಿದರೆ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕೊಡಿ, ಸಂಕೋಚ ಬೇಡ. ಆಗಲೂ ಏನೂ ಆಗದಿದ್ದರೆ ಶಾಲೆ ಬದಲಾಯಿಸಿ. ಮಗುವಿನ ಹೊಟ್ಟೆನೋವು ಸುಳ್ಳಲ್ಲ.

ಉಳಿದ ಪಾಲಕರಲ್ಲಿ ಎರಡು ಬಗೆಯವರಿದ್ದಾರೆ. ಒಬ್ಬರು ಮಗುವನ್ನು ಎದುರಿಗೇ ನಿಲ್ಲಿಸಿಕೊಂಡು 'ಎರಡು ಬಾರಿಸಿ ಸಾರ್, ನಾವೇನೂ ಕೇಳಲ್ಲ' ಎನ್ನುವವರು. ಇನ್ನೊಬ್ಬರು ಮನೆಯಲ್ಲಿ, ಮಗುವಿನ ಕಿವಿಗೆ ಬೀಳುವಂತೆ, 'ನಿಮ್ಮ ಮೇಷ್ಟ್ರಿಗೇನು ಗೊತ್ತು, ಟ್ಯೂಷನ್‌ಗೆ ಸೇರಿಸ್ತೀನಿ ಬಿಡು' ಎನ್ನುವವರು. ಮೊದಲನೆಯವರ ಮಗು ಮೇಷ್ಟ್ರ ಹತ್ತಿರ ಬರಲು ಹೆದರುತ್ತದೆ, ಎರಡನೆಯವರ ಮಗುವಿಗೆ ಬರಬೇಕೆಂದೇ ಅನ್ನಿಸುವುದಿಲ್ಲ.

ಈ ಭಾನುವಾರ ಮನೆಯಲ್ಲಿ ಒಂದು ಕೆಲಸ ಮಾಡಿ. ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರ್. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15 ಕೋಟಿ 21 ಲಕ್ಷ. ಹಾಗಿದ್ದರೆ ನಮಗೆ ಜನವರಿಯಲ್ಲಿ ಚಳಿ ಯಾಕೆ? ಊಟಕ್ಕೆ ಕುಳಿತಾಗ ಮಕ್ಕಳನ್ನು ಕೇಳಿ. ಕೇಳಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ತಪ್ಪು ಉತ್ತರ ಬಂದರೆ ಗಾಬರಿ ಬೇಡ. ಋತುಗಳು ಯಾಕೆ ಬದಲಾಗುತ್ತವೆ, ಚಂದ್ರ ಯಾಕೆ ಕ್ಷಯಿಸಿ ವೃದ್ಧಿಸುತ್ತಾನೆ ಎಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರನ್ನು ಕೇಳಿ 1987ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಪದವಿ ಪಡೆದ ದಿನ, ಕಪ್ಪು ಗೌನು ಹಾಕಿಕೊಂಡೇ ಎಷ್ಟೋ ಜನ ತಪ್ಪು ಉತ್ತರ ಹೇಳಿದ್ದಾರೆ. 'ಯಾಕೆ ಹಾಗನ್ನಿಸ್ತು?' ಎಂದಷ್ಟೇ ಕೇಳಿ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆಸಿ, ಸೋಮವಾರ ವಿಜ್ಞಾನದ ಮೇಷ್ಟ್ರಿಗೋ ಮೇಡಂಗೋ ತೋರಿಸಲು ಕಳಿಸಿ. ಸರಿ ಉತ್ತರ ನಿಮಗೆ ಗೊತ್ತಿದ್ದರೆ ದಯವಿಟ್ಟು ಸೋಮವಾರ ಸಂಜೆಯವರೆಗೆ ಬಾಯಿ ಬಿಡಬೇಡಿ.